ಕಾರ್ಲ್ಟನ್ ಚಾಪ್‌ಮನ್

ಕಾರ್ಲ್ಟನ್ ಚಾಪ್‌ಮನ್ (ಏಪ್ರಿಲ್ ೧೩, ೧೯೭೧ – ಅಕ್ಟೋಬರ್ ೧೨, ೨೦೨೦) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ಫುಟ್‌ಬಾಲ್ ಆಟಗಾರರು ಮತ್ತು ತರಬೇತುದಾರರು. ಮಿಡ್‌ಫೀಲ್ಡರ್ ಸ್ಥಾನದಲ್ಲಿ ಆಡುತ್ತಿದ್ದ ಅವರು ಭಾರತ ತಂಡದ ನಾಯಕತ್ವವನ್ನೂ ವಹಿಸಿದ್ದರು. ಅವರ ಆಟದ ಮೊದಲ ಪಾಠಗಳು ಬೆಂಗಳೂರಿನಲ್ಲಿ ನಡೆದವು. ವೃತ್ತಿಜೀವನವು ಜಮ್‌ಷೆಡ್‌ಪುರ, ಕೋಲ್ಕತ್ತ ಮತ್ತು ಪಂಜಾಬಿನ ಫಗ್ವಾರಾಗಳಲ್ಲಿ ರೂಪುಗೊಂಡಿತು. ಕರ್ನಾಟಕದ ಪ್ರತಿಭಾವಂತ ಆಟಗಾರನೊಬ್ಬ ವೃತ್ತಿಪರನಾಗಲು ಊರು ಬಿಡಬೇಕಾಗಿದ್ದ ಕಾಲಘಟ್ಟವನ್ನು ಅವರ ಆರಂಭದ ವರ್ಷಗಳು ಸ್ಪಷ್ಟವಾಗಿ ತೋರಿಸುತ್ತವೆ.

ಹಿನ್ನೆಲೆ

ಬ್ರಿಟಿಷರ ದಂಡುಪ್ರದೇಶದ ಮೂಲಕ ಬೆಂಗಳೂರಿಗೆ ಬಂದ ಫುಟ್‌ಬಾಲ್, ಆಸ್ಟಿನ್ ಟೌನ್, ಗೌತಮಪುರ ಮೊದಲಾದ ಬಡಾವಣೆಗಳಲ್ಲಿ ಆಳವಾಗಿ ಬೇರೂರಿತು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ರಾಜ್ಯ ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. ಅವುಗಳಲ್ಲಿ ಕೊನೆಯದು ೧೯೬೮–೬೯ರ ಋತುವಿನದು. ಚಾಪ್‌ಮನ್ ಜನಿಸಿದ್ದು ಅದರ ಅನಂತರ. ರಾಜ್ಯವು ಆ ಟ್ರೋಫಿಯನ್ನು ಮತ್ತೆ ಗೆದ್ದದ್ದು ೨೦೨೩ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯ ತಂಡವನ್ನು ೩–೨ರಿಂದ ಸೋಲಿಸಿದಾಗ.

ಆ ಕಾಲದಲ್ಲಿ ಬೆಂಗಳೂರಿನ ಪ್ರಮುಖ ತಂಡಗಳು ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳಿಗೆ ಸೇರಿದ್ದವು. ಆಟಗಾರನಿಗೆ ಅಲ್ಲಿ ದೊರೆಯುತ್ತಿದ್ದುದು ಕಾರ್ಖಾನೆಯ ನೌಕರಿ. ಆಟವು ಆ ನೌಕರಿಯೊಡನೆ ಸಾಗುತ್ತಿತ್ತು. ಇದು ಅನೇಕ ಕುಟುಂಬಗಳಿಗೆ ಜೀವನಭದ್ರತೆಯನ್ನು ಒದಗಿಸಿತು. ಆದರೆ ಆಟವನ್ನೇ ವೃತ್ತಿಯಾಗಿ ಸ್ವೀಕರಿಸಲು ಬಯಸುವವರಿಗೆ ಕೋಲ್ಕತ್ತದ ದೊಡ್ಡ ಕ್ಲಬ್‌ಗಳೇ ಗುರಿಯಾಗಿದ್ದವು.

ತರಬೇತಿ

ಆಸ್ಟಿನ್ ಟೌನ್ ಪರಿಸರದಲ್ಲಿ ಬೆಳೆದ ಚಾಪ್‌ಮನ್, ೧೯೮೦ರ ದಶಕದ ಮಧ್ಯಭಾಗದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ತರಬೇತಿ ಪಡೆದರು. ಬಳಿಕ ಸ್ಥಳೀಯ ಸದರ್ನ್ ಬ್ಲೂಸ್ ತಂಡದ ಪರವಾಗಿ ಆಡಿದರು.

೧೯೯೦ರಲ್ಲಿ ಅವರು ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. ೧೯೮೭ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯು ದೇಶದ ನಾನಾ ಭಾಗಗಳ ಕಿರಿಯರನ್ನು ಆರಿಸಿ, ವಸತಿ, ಆಹಾರ ಹಾಗೂ ತರಬೇತಿಯನ್ನು ಒಂದೇ ಕಡೆ ಒದಗಿಸುತ್ತಿತ್ತು. ಆಗಿನ ಭಾರತದಲ್ಲಿ ಇಂತಹ ವ್ಯವಸ್ಥೆ ವಿರಳವಾಗಿತ್ತು.

ಮಿಡ್‌ಫೀಲ್ಡರ್ ಆದವನು ರಕ್ಷಣೆ ಮತ್ತು ಆಕ್ರಮಣಗಳ ನಡುವಿನ ಕೊಂಡಿ. ಎದುರಾಳಿಯಿಂದ ಚೆಂಡನ್ನು ಕಸಿಯುವುದು, ಮುಂದಿನವರಿಗೆ ಸಕಾಲದಲ್ಲಿ ತಲುಪಿಸುವುದು, ಅವಕಾಶ ದೊರೆತಾಗ ತಾನೇ ಗೋಲಿನತ್ತ ನುಗ್ಗುವುದು – ಈ ಮೂರೂ ಅವನ ಹೊಣೆ. ಪಂದ್ಯದುದ್ದಕ್ಕೂ ಓಡುವ ದೇಹಬಲದ ಜೊತೆಗೆ ಮೈದಾನವನ್ನು ಸಮಗ್ರವಾಗಿ ಗ್ರಹಿಸುವ ದೃಷ್ಟಿಯೂ ಇದಕ್ಕೆ ಅಗತ್ಯ. ಆದ್ದರಿಂದ ಈ ಸ್ಥಾನದ ಆಟಗಾರನಿಗೆ ಎಳೆಯ ವಯಸ್ಸಿನ ಕ್ರಮಬದ್ಧ ತರಬೇತಿಯು ಹೆಚ್ಚಿನ ಮಹತ್ತ್ವದ್ದಾಗಿದೆ.

ಈಸ್ಟ್ ಬೆಂಗಾಲ್

೧೯೯೩ರಲ್ಲಿ ಚಾಪ್‌ಮನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ ೬–೨ರಿಂದ ಪರಾಭವಗೊಳಿಸಿತು. ಈ ಪಂದ್ಯದಲ್ಲಿ ೨೨ ವರ್ಷದ ಚಾಪ್‌ಮನ್ ಮೂರು ಗೋಲುಗಳನ್ನು ಗಳಿಸಿದರು. ಪಶ್ಚಿಮ ಏಷ್ಯಾದ ಬಲಿಷ್ಠ ತಂಡದ ಎದುರು, ಮಿಡ್‌ಫೀಲ್ಡ್‌ನಿಂದ ಬಂದ ಈ ಹ್ಯಾಟ್ರಿಕ್ ಅವರ ಹೆಸರನ್ನು ದೇಶದಾದ್ಯಂತ ಪರಿಚಯಿಸಿತು.

ಜೆಸಿಟಿ ಮತ್ತು ಮೊದಲ ರಾಷ್ಟ್ರೀಯ ಲೀಗ್

೧೯೯೫ರಲ್ಲಿ ಅವರು ಫಗ್ವಾರಾದ ಜೆಸಿಟಿ ತಂಡಕ್ಕೆ ತೆರಳಿದರು. ಜವಳಿ ಗಿರಣಿಯೊಂದು ನಡೆಸುತ್ತಿದ್ದ ಈ ತಂಡದಲ್ಲಿ ಕೇರಳದ ಐ. ಎಂ. ವಿಜಯನ್ ಮತ್ತು ಸಿಕ್ಕಿಂನ ಬೈಚುಂಗ್ ಭುಟಿಯಾ ಮುಂಚೂಣಿಯಲ್ಲಿದ್ದರು. ಚಾಪ್‌ಮನ್ ಇದ್ದ ಅವಧಿಯಲ್ಲಿ ಜೆಸಿಟಿ ೧೪ ಪಂದ್ಯಾವಳಿಗಳಲ್ಲಿ ಜಯಗಳಿಸಿತು.

ಅದುವರೆಗೆ ಭಾರತದ ಫುಟ್‌ಬಾಲ್ ಋತುವು ಡ್ಯುರಾಂಡ್, ರೋವರ್ಸ್, ಫೆಡರೇಷನ್ ಕಪ್ ಮುಂತಾದ ಪಂದ್ಯಾವಳಿಗಳನ್ನೂ ಆಯಾ ರಾಜ್ಯದ ಲೀಗ್‌ಗಳನ್ನೂ ಅವಲಂಬಿಸಿತ್ತು. ದೇಶದ ಕ್ಲಬ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಸೆಣಸುವ ರಾಷ್ಟ್ರೀಯ ಲೀಗ್ ೧೯೯೬ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಚರ್ಚಿಲ್ ಬ್ರದರ್ಸ್ ತಂಡವನ್ನು ಹಿಂದಿಕ್ಕಿ ಜೆಸಿಟಿ ಅದರ ಪ್ರಥಮ ಚಾಂಪಿಯನ್ ಆಯಿತು. ಭುಟಿಯಾ ೧೪ ಗೋಲುಗಳೊಂದಿಗೆ ಅಗ್ರಸ್ಥಾನ ಪಡೆದರು. ಈ ಮುಂಚೂಣಿ ಜೋಡಿಯ ಹಿಂದೆ ಮಧ್ಯಮೈದಾನವನ್ನು ನಿರ್ವಹಿಸಿದವರಲ್ಲಿ ಚಾಪ್‌ಮನ್ ಪ್ರಮುಖರು.

೧೯೯೭ರಲ್ಲಿ ಅವರು ಹೊಸದಾಗಿ ಸ್ಥಾಪಿತವಾದ ಎಫ್‌ಸಿ ಕೊಚ್ಚಿನ್ ಸೇರಿ ಒಂದು ಋತು ಆಡಿದರು. ಅದೇ ವರ್ಷ ಕಾಠ್ಮಂಡುವಿನಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿಯೂ ಇದ್ದರು.

ನಂತರದ ವರ್ಷಗಳು

೧೯೯೮ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದ ಅವರು, ೨೦೦೦–೦೧ರಲ್ಲಿ ನಾಯಕರಾಗಿ ಆ ಕ್ಲಬ್‌ಗೆ ರಾಷ್ಟ್ರೀಯ ಲೀಗ್ ಪ್ರಶಸ್ತಿಯನ್ನು ತಂದುಕೊಟ್ಟರು. ೨೦೦೧ರಲ್ಲಿ ನಿವೃತ್ತರಾದ ಬಳಿಕ, ತಾವು ಕಲಿತ ಟಾಟಾ ಅಕಾಡೆಮಿ ಸೇರಿದಂತೆ ಹಲವೆಡೆ ತರಬೇತುದಾರರಾಗಿ ಸೇವೆ ಸಲ್ಲಿಸಿದರು. ಹೃದಯಾಘಾತದಿಂದ ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ ೪೯ ವರ್ಷ.

ಮಹತ್ತ್ವ

ಚಾಪ್‌ಮನ್ ಎರಡು ರಾಷ್ಟ್ರೀಯ ಲೀಗ್ ಪ್ರಶಸ್ತಿಗಳನ್ನು ಪಡೆದದ್ದು ಪಂಜಾಬ್ ಹಾಗೂ ಬಂಗಾಳದ ಕ್ಲಬ್‌ಗಳ ಪರವಾಗಿ. ಬೆಂಗಳೂರು ಎಫ್‌ಸಿ ಸ್ಥಾಪನೆಯಾದದ್ದು ೨೦೧೩ರಲ್ಲಿ, ಅವರು ಆಟದಿಂದ ನಿವೃತ್ತರಾಗಿ ಹನ್ನೆರಡು ವರ್ಷಗಳಾದ ಮೇಲೆ. ಅದು ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. ಊರಿನಲ್ಲಿ ಆಟದ ಸಂಪ್ರದಾಯ ಮತ್ತು ಪ್ರತಿಭೆಗಳಿದ್ದರೂ ವೃತ್ತಿಜೀವನಕ್ಕೆ ಸುಸಜ್ಜಿತ ಅಕಾಡೆಮಿ, ನಿಯಮಿತ ಲೀಗ್ ಹಾಗೂ ಸಂಬಳ ನೀಡುವ ಕ್ಲಬ್‌ಗಳು ಬೇಕಾಗುತ್ತವೆ ಎಂಬುದಕ್ಕೆ ಅವರ ಆರಂಭದ ವರ್ಷಗಳು ನಿದರ್ಶನವಾಗಿವೆ.