ತಂತಿಯಿಲ್ಲದ ಗರಗಸ

ಮಳೆಗಾಲಕ್ಕೆ ಮುನ್ನ ಮಲೆನಾಡಿನ ಕಾಫಿ ತೋಟಗಳಲ್ಲಿ ಮರಗಸಿಯ ಕೆಲಸ ನಡೆಯುವುದುಂಟು. ನೆರಳು ಅತಿಯಾಗದಂತೆ ಮರಗಳ ರೆಂಬೆಗಳನ್ನು ಸವರಿ, ಕಾಫಿ ಗಿಡಗಳಿಗೆ ಬೇಕಾದಷ್ಟು ಬೆಳಕು ದೊರೆಯುವಂತೆ ಮಾಡುವುದೇ ಈ ಕೆಲಸ. ಹಿಂದೆ ಇದಕ್ಕೆ ಕತ್ತಿ ಮತ್ತು ಕೈಗರಗಸಗಳೇ ಸಾಧನಗಳಾಗಿದ್ದುವು. ಈಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಹೊಸದೊಂದು ಸಾಧನ ಬಂದು ಸೇರಿದೆ. ಒಂದು ಕೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ನಡೆಯುವ ಪುಟ್ಟ ಸರಪಳಿ ಗರಗಸವೇ ಅದು. ಗೋಡೆಯಿಂದ ತಂತಿ ಎಳೆಯಬೇಕಾಗಿಲ್ಲ; ಪೆಟ್ರೋಲ್ ತುಂಬಬೇಕಾಗಿಲ್ಲ; ಹಗ್ಗ ಜಗ್ಗಿ ಎಂಜಿನ್ನನ್ನು ಎಬ್ಬಿಸಬೇಕಾಗಿಲ್ಲ. ಗುಂಡಿ ಒತ್ತಿದರೆ ಸಾಕು, ಮಣಿಕಟ್ಟಿನ ದಪ್ಪದ ರೆಂಬೆ ಕೆಲವೇ ಸೆಕೆಂಡುಗಳಲ್ಲಿ ತುಂಡಾಗಿ ಬೀಳುತ್ತದೆ.

ನಮ್ಮ ಮನೆಯ ಹಿತ್ತಲಿಗೂ ಇಂಥದೊಂದು ಗರಗಸ ಬಂದಿತು. ಬಂದ ಎರಡನೆಯ ವಾರದಲ್ಲೇ ಅದು ನಮಗೊಂದು ಪಾಠವನ್ನು ಕಲಿಸಿತು. ಹಲಸಿನ ರೆಂಬೆಯನ್ನು ಕೊಯ್ಯುತ್ತಿದ್ದಾಗ ಸರಪಳಿಯ ನಡುವೆ ನಾರು ಸಿಕ್ಕಿಕೊಂಡಿತು. ಬಲಗೈಯಲ್ಲಿ ಹಿಡಿಯನ್ನು ಹಿಡಿದಿದ್ದಂತೆಯೇ ಎಡಗೈಯ ಹೆಬ್ಬೆರಳಿನಿಂದ ಆ ನಾರನ್ನು ಎಳೆಯಹೋದೆವು. ಎಳೆಯುವ ಭರದಲ್ಲಿ ಬಲಗೈ ಬಿಗಿಯಾಯಿತು, ಗುಂಡಿ ಅದುಮಿತು, ಸರಪಳಿ ಓಡಿತು. ತೊಟ್ಟಿದ್ದ ದಪ್ಪ ಕೈಚೀಲದ ಬೆರಳು ಹರಿದು ಹೋಯಿತು. ಒಳಗಿನ ಬೆರಳಿಗೆ ಚರ್ಮ ಕಿತ್ತುದಷ್ಟೇ ಗಾಯ. ತೋಟದಲ್ಲಿ ನಲವತ್ತು ವರ್ಷ ದುಡಿದ ನೆರೆಮನೆಯ ಹಿರಿಯರೊಬ್ಬರು ಬೇಲಿಯಾಚೆ ನಿಂತು ನೋಡುತ್ತಿದ್ದರು. "ಕತ್ತಿಯ ಹರಿತ ಕಣ್ಣಿಗೆ ಕಾಣುತ್ತೆ ಮೇಷ್ಟ್ರೇ. ಇದರದ್ದು ಕಾಣೋಲ್ಲ" ಎಂದರು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಮಾತು ನಾಟಿತು. ಕತ್ತಿಯನ್ನು ಕೆಳಗಿಟ್ಟರೆ ಅದರಲ್ಲಿ ಹರಿತವಿದೆಯೇ ಹೊರತು ಶಕ್ತಿಯಿಲ್ಲ. ಶಕ್ತಿ ಇರುವುದು ಬೀಸುವವನ ತೋಳಿನಲ್ಲಿ. ಈ ಗರಗಸವಾದರೋ ಸುಮ್ಮನೆ ಮಲಗಿರುವಾಗಲೂ ತನ್ನ ಹೊಟ್ಟೆಯಲ್ಲಿ ಶಕ್ತಿಯನ್ನು ತುಂಬಿಕೊಂಡಿರುತ್ತದೆ. ವಿಚಾರ ಮಾಡಿದರೆ, ಈ ಕೆಲಸದಲ್ಲಿ ಶಕ್ತಿಯ ಮೂರು ಭಂಡಾರಗಳಿವೆ: ಒಂದು ಬ್ಯಾಟರಿ, ಎರಡನೆಯದು ಓಡುವ ಸರಪಳಿ, ಮೂರನೆಯದು ಬಾಗಿ ನಿಂತ ರೆಂಬೆ. ಎಚ್ಚರಿಕೆಯ ನಿಯಮಗಳೆಲ್ಲವೂ ಈ ಮೂರರಿಂದಲೇ ಹುಟ್ಟುತ್ತವೆ.

ಬ್ಯಾಟರಿಯೊಳಗಿನ ಶಕ್ತಿ

ಇಂಥ ಗರಗಸಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಥಿಯಮ್ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಬೆಳವಣಿಗೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಕಡಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡುವುದೇ ಇದರ ಹಿರಿಮೆ.

ಎಷ್ಟು ಶಕ್ತಿ? ಒಂದು ಸಣ್ಣ ಲೆಕ್ಕ ಮಾಡೋಣ. 18 ವೋಲ್ಟ್, 2 ಆಂಪಿಯರ್-ಗಂಟೆ ಎಂದು ಬರೆದಿರುವ ಬ್ಯಾಟರಿಯಲ್ಲಿ 36 ವ್ಯಾಟ್-ಗಂಟೆ, ಎಂದರೆ 1,29,600 ಜೂಲ್ ಶಕ್ತಿಯಿದೆ. 10 ಕಿಲೋಗ್ರಾಂ ಅಕ್ಕಿಯ ಚೀಲವನ್ನು ನೆಲದಿಂದ 1 ಮೀಟರ್ ಎತ್ತಲು ಬೇಕಾಗುವುದು ಸುಮಾರು 98 ಜೂಲ್. ಆ ಚೀಲವನ್ನು 1,300 ಸಲ ಎತ್ತುವಷ್ಟು ಶಕ್ತಿ ಅಂಗೈಯಗಲದ ಪೆಟ್ಟಿಗೆಯಲ್ಲಿ ಕುಳಿತಿದೆ! 75 ವ್ಯಾಟ್ ಸಾಮರ್ಥ್ಯದಿಂದ ಎಡೆಬಿಡದೆ ದುಡಿಯುವ ಆಳು ಇಷ್ಟು ಕೆಲಸ ಮಾಡಲು ಅರ್ಧ ಗಂಟೆ ಹಿಡಿಯುತ್ತದೆ. ಗರಗಸವು 400 ವ್ಯಾಟ್ ಸೆಳೆಯುತ್ತದೆಂದು ಇಟ್ಟುಕೊಂಡರೆ ಐದೂವರೆ ನಿಮಿಷಗಳಲ್ಲಿ ಅದನ್ನೆಲ್ಲ ಖರ್ಚು ಮಾಡಿಬಿಡುತ್ತದೆ.

ಆದುದರಿಂದ ಮೊದಲನೆಯ ನಿಯಮ ಇದು: ಸರಪಳಿಯನ್ನು ಮುಟ್ಟುವ ಮುನ್ನ ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಡಬೇಕು. ನಾರು ತೆಗೆಯುವಾಗ, ಬಿಗಿ ನೋಡುವಾಗ, ಅರ ಹಾಕುವಾಗ, ಇನ್ನೊಬ್ಬರ ಕೈಗೆ ಕೊಡುವಾಗ, ಎಲ್ಲ ಸಂದರ್ಭಗಳಲ್ಲಿಯೂ. ಗುಂಡಿಯ ಮೇಲಿನ ಬೀಗವನ್ನು ನಂಬಿ ಕೂರುವಂತಿಲ್ಲ. ಬೀಗವನ್ನೂ ಗುಂಡಿಯನ್ನೂ ಒತ್ತುವುದು ಒಂದೇ ಕೈ. ಆ ಕೈ ಗಾಬರಿಯಲ್ಲಿ ಏನು ಮಾಡುವುದೆಂಬುದನ್ನು ನಾವು ಕಂಡುಕೊಂಡಿದ್ದೇವೆ.

ಕಳಚಿದ ಬ್ಯಾಟರಿಯನ್ನು ಮೊಳೆ, ಚಾವಿಗಳಿರುವ ಜೇಬಿಗೋ ಚೀಲಕ್ಕೋ ಹಾಕಬಾರದು. ಲೋಹವು ಎರಡು ಧ್ರುವಗಳನ್ನೂ ಮುಟ್ಟಿ, ಮಂಡಲದ ಒಟ್ಟು ರೋಧ 0.1 ಓಮ್ ಆಯಿತೆಂದು ಭಾವಿಸಿದರೆ, ಓಮನ ನಿಯಮದಂತೆ 180 ಆಂಪಿಯರ್ ವಿದ್ಯುತ್ತು ಹರಿಯಬೇಕಾಗುವುದು. ಮೊಳೆ ಕೆಂಪಗೆ ಕಾಯುವುದಕ್ಕೂ ಬೆಂಕಿ ಹೊತ್ತುವುದಕ್ಕೂ ಅಷ್ಟು ಸಾಕು.

ಸರಪಳಿಯ ಓಟ

ಈ ಗರಗಸದಲ್ಲಿ ಉಕ್ಕಿನ ಚಪ್ಪಟೆ ಪಟ್ಟಿಯೊಂದರ ಅಂಚಿನ ಸುತ್ತ ಹಲ್ಲುಳ್ಳ ಸರಪಳಿ ಓಡುತ್ತದೆ. ಕೆಲಸಗಾರರು ಈ ಪಟ್ಟಿಯನ್ನು ಬಾರ್ ಎನ್ನುತ್ತಾರೆ. ಸರಪಳಿಯ ಹಲ್ಲಿಗೊಂದು ಸೊಗಸಾದ ಇತಿಹಾಸವಿದೆ. 1946ರಲ್ಲಿ ಅಮೆರಿಕದ ಆರಿಗನ್ ಪ್ರಾಂತದಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವ ಕೆಲಸದವನು, ಮರವನ್ನು ಕೊರೆಯುವ ದುಂಬಿಯ ಮರಿಹುಳವೊಂದು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಮರವನ್ನು ಕಡಿಯುತ್ತ ಸಾಗುವುದನ್ನು ಕಂಡನು. ಅದನ್ನೇ ಅನುಕರಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿದ ಹಲ್ಲುಗಳನ್ನು ಉಕ್ಕಿನಲ್ಲಿ ರೂಪಿಸಿದನು. ಇಂದಿನ ಸರಪಳಿಯ ಹಲ್ಲುಗಳು ಆ ಹುಳದ ದವಡೆಯ ವಂಶದವೇ.

ಕೆಲವು ಕೈಗರಗಸ ಯಂತ್ರಗಳಲ್ಲಿ ಸರಪಳಿಯ ವೇಗ ಸೆಕೆಂಡಿಗೆ 8 ಮೀಟರಿನಷ್ಟಿರುತ್ತದೆ. ಅಪಾಯವನ್ನು ಕಂಡು ಬೆರಳನ್ನು ಸಡಿಲಿಸಲು ಮನುಷ್ಯನಿಗೆ ಕಡಮೆಯೆಂದರೂ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಸರಪಳಿ 1.6 ಮೀಟರ್ ಓಡಿರುತ್ತದೆ. 10 ಸೆಂಟಿಮೀಟರ್ ಪಟ್ಟಿಯ ಸರಪಳಿಯ ಉದ್ದ ಸುಮಾರು 35 ಸೆಂಟಿಮೀಟರ್. ಎಂದರೆ ಅದು ನಾಲ್ಕು ಸುತ್ತಿಗೂ ಹೆಚ್ಚು ತಿರುಗಿರುತ್ತದೆ. "ತಾಗಿದೊಡನೆ ಬಿಟ್ಟುಬಿಡುತ್ತೇನೆ" ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಕೊಯ್ಯುವ ರೆಂಬೆಯನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುವ ಅಭ್ಯಾಸವೇ ಈ ಪುಟ್ಟ ಗರಗಸದ ದೊಡ್ಡ ಅಪಾಯ.

ಇನ್ನೊಂದು ಅಪಾಯಕ್ಕೆ ಹಿಂದೊದೆತ ಎನ್ನಬಹುದು. ಪಟ್ಟಿಯ ಕೆಳ ಅಂಚಿನಲ್ಲಿ ಸರಪಳಿ ನಮ್ಮ ಕಡೆಗೆ ಓಡಿಬರುತ್ತದೆ. ಅಲ್ಲಿ ಕೊಯ್ದರೆ ಗರಗಸವು ಮರದ ಕಡೆಗೆ ಸೆಳೆಯಲ್ಪಡುತ್ತದೆ. ಮೇಲಂಚಿನಲ್ಲಿ ಸರಪಳಿ ನಮ್ಮಿಂದ ದೂರ ಓಡುತ್ತದೆ. ಅಲ್ಲಿ ಕೊಯ್ದರೆ ಗರಗಸವು ನಮ್ಮ ಕಡೆಗೆ ತಳ್ಳಲ್ಪಡುತ್ತದೆ. ತುದಿಯ ಮೇಲ್ಭಾಗದಲ್ಲಾದರೋ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಧುಮುಕುತ್ತಿರುತ್ತವೆ. ಆ ಭಾಗ ಮರಕ್ಕೆ ತಾಗಿ ಹಲ್ಲು ಕಚ್ಚಿಕೊಂಡರೆ, ನ್ಯೂಟನನ ಮೂರನೆಯ ನಿಯಮದಂತೆ ಪಟ್ಟಿಯು ಹಿಂದಕ್ಕೂ ಮೇಲಕ್ಕೂ, ಎಂದರೆ ನಮ್ಮ ಮುಖದ ಕಡೆಗೇ ಚಿಮ್ಮುತ್ತದೆ. ದೊಡ್ಡ ಗರಗಸಗಳಲ್ಲಿ ಆಗ ಸರಪಳಿಯನ್ನು ಹಿಡಿದು ನಿಲ್ಲಿಸುವ ತಡೆಯಿರುತ್ತದೆ; ಚಿಕ್ಕವುಗಳಲ್ಲಿ ಅನೇಕಕ್ಕೆ ಅದಿಲ್ಲ. ಆದುದರಿಂದ ತುದಿಯನ್ನು ಯಾವುದಕ್ಕೂ ತಾಗಿಸದೆ, ಪಟ್ಟಿಯ ಬುಡದ ಕಡೆಯಿಂದ ಕೊಯ್ಯಬೇಕು. ಭುಜಕ್ಕಿಂತ ಮೇಲೆ ಗರಗಸವನ್ನು ಎತ್ತಬಾರದು. ಮುಖವನ್ನು ಪಟ್ಟಿಯ ನೇರಕ್ಕೆ ತರಬಾರದು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕು. ಜೋಲುವ ಲುಂಗಿ, ಶಾಲುಗಳಿಗೆ ಈ ಕೆಲಸದಲ್ಲಿ ಸ್ಥಳವಿಲ್ಲ.

ರೆಂಬೆಯಲ್ಲಿ ಅಡಗಿದ ಸೆಳೆತ

ಮೂರನೆಯ ಭಂಡಾರವನ್ನು ಜನರು ಮರೆಯುವುದೇ ಹೆಚ್ಚು. ಕಾಂಡದಿಂದ ಅಡ್ಡಲಾಗಿ ಚಾಚಿದ ರೆಂಬೆಯು ಒಂದೇ ಕಡೆ ಆಧಾರವುಳ್ಳ ತೊಲೆಯಂತೆ. ತನ್ನ ಭಾರದಿಂದಲೇ ಅದು ಬಾಗಿರುವುದರಿಂದ ಮೇಲಿನ ನಾರುಗಳು ಜಗ್ಗಿಕೊಂಡಿರುತ್ತವೆ, ಕೆಳಗಿನವು ಅದುಮಿಕೊಂಡಿರುತ್ತವೆ. ಮೇಲಿನಿಂದಲೇ ಕೊಯ್ಯುತ್ತ ಹೋದರೆ, ಅರ್ಧ ದಾಟುವಷ್ಟರಲ್ಲಿ ರೆಂಬೆ ಮುರಿದು, ಕಾಂಡದ ತೊಗಟೆಯನ್ನು ಉದ್ದಕ್ಕೂ ಸಿಗಿದುಕೊಂಡು ಬೀಳುತ್ತದೆ. ಕೆಳಗಿನಿಂದಲೇ ಕೊಯ್ದರೆ ಸೀಳು ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ.

ಇದಕ್ಕೆ ಉಪಾಯ ಮೂರು ಕೊಯ್ತಗಳದು. ಕಾಂಡದಿಂದ ಒಂದು ಅಡಿಯಷ್ಟು ಹೊರಗೆ, ಮೊದಲು ಕೆಳಗಿನಿಂದ ದಪ್ಪದ ಕಾಲು ಭಾಗ ಕೊಯ್ಯಬೇಕು. ಇಲ್ಲಿ ಮೇಲಂಚು ಬಳಕೆಯಾಗುವುದರಿಂದ ಗರಗಸವು ನಮ್ಮ ಕಡೆಗೆ ತಳ್ಳುತ್ತದೆ, ಕಾಲು ಭದ್ರವಾಗಿರಲಿ. ಎರಡನೆಯದಾಗಿ ಅದಕ್ಕಿಂತ ಎರಡು ಮೂರು ಬೆರಳು ಹೊರಗೆ ಮೇಲಿನಿಂದ ಕೊಯ್ದರೆ ರೆಂಬೆ ಸೀಳದೆ ಬೀಳುತ್ತದೆ. ಮೂರನೆಯದು ಉಳಿದ ಮೋಟನ್ನು ತೆಗೆಯುವ ಕೊಯ್ತ. ರೆಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿದ ಭಾಗವಿರುತ್ತದೆ. ಅದನ್ನು ಉಳಿಸಿ, ಅದರ ಹೊರಗಂಚಿನಲ್ಲಿ ಕೊಯ್ಯಬೇಕು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರವು ಗಾಯವನ್ನು ನಮ್ಮ ಚರ್ಮದಂತೆ ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಬಂಧಿಸುತ್ತದೆ ಎಂದು ತೋರಿಸಿಕೊಟ್ಟರು. ಆ ಉಬ್ಬು ಬಳೆಯನ್ನು ಕೊಯ್ದರೆ ಗೋಡೆ ಕಟ್ಟುವ ಗಾರೆಯವನನ್ನೇ ಓಡಿಸಿದಂತೆ.

ಬಿರುಗಾಳಿಗೆ ಬಿದ್ದು ತುದಿ ನೆಲಕ್ಕೆ ಊರಿಕೊಂಡ ರೆಂಬೆಯಲ್ಲಿ ಲೆಕ್ಕ ತಲೆಕೆಳಗಾಗಬಹುದು: ಕೆಳಗೆ ಸೆಳೆತ, ಮೇಲೆ ಒತ್ತಡ. ಆದುದರಿಂದ ಗುಂಡಿ ಒತ್ತುವ ಮುನ್ನ "ಇದು ಬಿಡುಗಡೆಯಾದರೆ ಎತ್ತ ಹಾರುತ್ತದೆ?" ಎಂದು ಕೇಳಿಕೊಂಡು, ಆ ದಾರಿಯಿಂದ ಪಕ್ಕಕ್ಕೆ ನಿಲ್ಲಬೇಕು.

ಇಲ್ಲಿ ಏಣಿಯ ಮಾತನ್ನೂ ಹೇಳಬೇಕು. ಗರಗಸಕ್ಕೆ ತಂತಿಯಿಲ್ಲವೆಂದ ಮಾತ್ರಕ್ಕೆ ತೋಟದಲ್ಲಿ ತಂತಿಯಿಲ್ಲವೆ? ಅಲ್ಯುಮಿನಿಯಮ್ ಏಣಿ ಮೇಲಿನ ವಿದ್ಯುತ್ ತಂತಿಗೆ ತಾಗಿ ಮರಣಗಳು ಸಂಭವಿಸಿರುವುದನ್ನು ಕಾಫಿ ಸೀಮೆಯವರು ಬಲ್ಲರು. ಹಸಿ ರೆಂಬೆಯೂ ವಿದ್ಯುತ್ತಿಗೆ ದಾರಿ ಕೊಡುತ್ತದೆ. ತಂತಿಯ ಸಮೀಪದ ಮರವನ್ನು ವಿದ್ಯುತ್ ಕಂಪನಿಯವರು ಬಂದು ಪ್ರವಾಹವನ್ನು ನಿಲ್ಲಿಸಿದ ಹೊರತು ಮುಟ್ಟಬಾರದು.

ಆರೈಕೆ

ಸರಪಳಿಯ ಹರಿತವನ್ನು ಅದು ಉದುರಿಸುವ ಪುಡಿಯಿಂದಲೇ ತಿಳಿಯಬಹುದು. ಚಕ್ಕೆ ಚಕ್ಕೆಯಾಗಿ ಬಿದ್ದರೆ ಹಲ್ಲು ಹರಿತ. ಹಿಟ್ಟಿನಂತೆ ಬಿದ್ದರೆ ಮೊಂಡು. ಮೊಂಡಾದ ಗರಗಸವನ್ನು ಕೈ ಅದುಮತೊಡಗುತ್ತದೆ. ಅದುಮಿದ ಕೈ ರೆಂಬೆ ತುಂಡಾದೊಡನೆ ಮುಗ್ಗರಿಸುತ್ತದೆ. ಆದುದರಿಂದ ಹರಿತವೇ ಕ್ಷೇಮ. ತಯಾರಕರು ಹೇಳಿದ ಅಳತೆಯ ಗುಂಡು ಅರದಿಂದ ಪ್ರತಿ ಹಲ್ಲಿಗೂ ಒಂದೇ ಸಂಖ್ಯೆಯ ಎಳೆತ ಕೊಡಬೇಕು. ಇಲ್ಲವಾದರೆ ಗರಗಸವು ಒಂದು ಪಕ್ಕಕ್ಕೆ ವಾಲಿ ಕೊಯ್ಯುತ್ತದೆ.

ಸರಪಳಿಯು ಪಟ್ಟಿಗೆ ಅಂಟಿಕೊಂಡಿರಬೇಕು, ಆದರೆ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಹೊಸ ಸರಪಳಿ ಬೇಗ ಸಡಿಲವಾಗುವುದರಿಂದ ಮೇಲಿಂದ ಮೇಲೆ ನೋಡಬೇಕು. ಎಣ್ಣೆ ತಪ್ಪಬಾರದು, ವಾಹನದಿಂದ ತೆಗೆದ ಹಳೆಯ ಎಣ್ಣೆ ಸಲ್ಲದು, ಅದರಲ್ಲಿ ಲೋಹದ ಪುಡಿಯಿರುತ್ತದೆ. ಹಲಸಿನ ಮೇಣ ಹತ್ತಿದ್ದರೆ ಎಣ್ಣೆಯ ಬಟ್ಟೆಯಿಂದ ಒರೆಸಬೇಕು. ನೀರಿಗೆ ಅದು ಜಗ್ಗುವುದಿಲ್ಲವೆಂಬುದು ಹಲಸು ಬಿಡಿಸುವವರಿಗೆಲ್ಲ ಗೊತ್ತು.

ಬ್ಯಾಟರಿಗೆ ಬಿಸಿಯೇ ಶತ್ರು. ಬಿಸಿಲಿನಲ್ಲಿ ನಿಂತ ಜೀಪಿನಲ್ಲಿ ಅದನ್ನು ಬಿಡಬಾರದು. ಕೆಲಸ ಮುಗಿದೊಡನೆ ಬಿಸಿಯಿರುವಾಗಲೇ ಚಾರ್ಜಿಗೆ ಹಾಕಬಾರದು. ಮಳೆಗಾಲವೆಲ್ಲ ಮೂಲೆಯಲ್ಲಿಡುವುದಾದರೆ ಸುಮಾರು ಅರ್ಧ ಚಾರ್ಜ್ ಉಳಿಸಿ, ಗರಗಸದಿಂದ ಬೇರ್ಪಡಿಸಿ, ತಂಪಾದ ಒಣ ಜಾಗದಲ್ಲಿಡುವುದು ಯುಕ್ತ. ಉಬ್ಬಿದ ಅಥವಾ ಬಿರಿದ ಬ್ಯಾಟರಿಯನ್ನು ಮತ್ತೆ ಬಳಸಲಾಗದು.

ನಮ್ಮ ಹರಿದ ಕೈಚೀಲವನ್ನು ನಾವು ಎಸೆದಿಲ್ಲ. ಗರಗಸವನ್ನಿಡುವ ಪೆಟ್ಟಿಗೆಯೊಳಗೆ, ಬ್ಯಾಟರಿಯ ಮೇಲೆ ಅದನ್ನು ಹೊದಿಸಿಟ್ಟಿದ್ದೇವೆ. ಬ್ಯಾಟರಿಯನ್ನು ತೆಗೆದುಕೊಳ್ಳಬೇಕಾದರೆ ಮೊದಲು ಅದನ್ನು ಕೈಯಿಂದ ಎತ್ತಬೇಕು. ಕಣ್ಣಿಗೆ ಕಾಣದ ಹರಿತವನ್ನು ಕಾಣುವಂತೆ ಮಾಡಿಕೊಳ್ಳಲು ನಮಗೆ ತೋರಿದ ದಾರಿ ಅಷ್ಟೇ.