ಬಿಟ್ಟ ಮನೆಯಲ್ಲಿ ಊರವರ ಅಂಕಿಗಳು

ಜನ ಬಿಟ್ಟುಹೋದ ಹಳೆಯ ಮನೆಯನ್ನು ಉಳಿಸಲು ದುಡ್ಡೊಂದೇ ಸಾಲದು, ಊರವರ ಕೈಯೂ ಸೇರಬೇಕು ಎಂಬುದಕ್ಕೆ ಜಪಾನಿನ ನಾವೊಶಿಮಾ ದ್ವೀಪ ಒಳ್ಳೆಯ ಸಾಕ್ಷಿ. ಅಲ್ಲಿನ ಹೊನ್ಮುರಾದಲ್ಲಿ ಸುಮಾರು 200 ವರ್ಷ ಹಳೆಯದಾದ ‘ಕಡೋಯಾ’ ಮನೆಯನ್ನು 1998ರಲ್ಲಿ ಗಾರೆ, ಹೆಂಚು, ಸುಟ್ಟು ಕಪ್ಪಾಗಿಸಿದ ದೇವದಾರು ಹಲಗೆಗಳಿಂದ ಹಳೆಯ ರೂಪಕ್ಕೇ ತಂದರು. ಒಳಗೆ ಕತ್ತಲು, ನೆಲದ ಜಾಗದಲ್ಲಿ ನಿಂತ ನೀರು. ಆ ನೀರೊಳಗೆ ಕಲಾವಿದ ತತ್ಸುವೊ ಮಿಯಾಜಿಮಾ ಇರಿಸಿದ 125 ಎಲ್‌ಇಡಿ ಅಂಕಿಗಳು. ಒಂದರಿಂದ ಒಂಬತ್ತರವರೆಗೆ ಕೆಲವು ಸರಸರ ಓಡಿದರೆ ಕೆಲವು ತಡೆತಡೆದು ಬದಲಾಗುತ್ತವೆ. ಒಂದೊಂದರ ವೇಗವನ್ನೂ ಗೊತ್ತುಮಾಡಿದವರು 5ರಿಂದ 95 ವರ್ಷದವರೆಗಿನ ದ್ವೀಪವಾಸಿಗಳು. ಈ ಕೃತಿಯ ಜೀವವಿರುವುದು ಇಲ್ಲೇ ಎಂದು ನನಗನ್ನಿಸುತ್ತದೆ: ತನ್ನದೊಂದು ಅಂಕಿ ಇರುವ ಮನೆ ಯಾರಿಗೂ ಪರರ ಮನೆಯಾಗುವುದಿಲ್ಲ.

ಮನೆ ಇರುವುದು ವಾಸಕ್ಕೆ, ಪ್ರದರ್ಶನಕ್ಕಲ್ಲ; ಕಂಪನಿಯೊಂದರ ಹಣದಲ್ಲಿ ಇದೆಲ್ಲ ಪ್ರವಾಸಿಗರಿಗಾಗಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಲೆ ವಲಸೆಯನ್ನು ತಡೆಯಲಾರದು. ಆದರೆ ವಾಸಕ್ಕೆ ಜನವೇ ಸಿಗದ ಊರಿನಲ್ಲಿ ಆಯ್ಕೆ ಇರುವುದು ವಾಸ ಮತ್ತು ಪ್ರದರ್ಶನದ ನಡುವೆ ಅಲ್ಲ, ಕುಸಿತ ಮತ್ತು ಬಳಕೆಯ ನಡುವೆ. ಹೊರಗಿನವರು ತಮ್ಮ ಕೃತಿ ತಂದು ನಿಲ್ಲಿಸಿ ಹೋಗಿದ್ದರೆ ಆಕ್ಷೇಪ ಪೂರ್ತಿ ಸರಿಯಾಗುತ್ತಿತ್ತು. ಇಲ್ಲಿ ನೆರೆಯವರೇ ಪಾಲುದಾರರು. ಕಡೋಯಾದಿಂದ ಶುರುವಾದ ಕೆಲಸ ಮುಂದೆ ದಂತವೈದ್ಯರೊಬ್ಬರ ಹಳೆಯ ಮನೆಗೂ, ಉಪ್ಪಿನ ಉದ್ಯಮದ ಮನೆತನದ ಮನೆಗೂ ಹಬ್ಬಿತು.