ಮೊಸರು, ಸೋಡಾ ಮತ್ತು ಪುಟಾಣಿ ಕೈ

ಮನೇಲಿ ಓವನ್ ಇಲ್ವಾ? ಕೇಕ್ ಆಗುತ್ತೆ ಬಿಡಿ. ದಪ್ಪ ತಳದ ಪಾತ್ರೆ, ಸರಿಯಾಗಿ ಕೂರೋ ಮುಚ್ಚಳ, ಒಳಗೆ ಒಂದು ಸ್ಟ್ಯಾಂಡ್ ಇದ್ರೆ ಸಾಕು. ಕುಕ್ಕರ್‌ನಲ್ಲೇ ಮಾಡೋದಾದ್ರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೀಲೇಬೇಕು.

ಈಗ ಮಗೂನ ಕರೀರಿ. 1 ಕಪ್ ಮೊಸರು, 1 ಕಪ್ ಸಕ್ಕರೆ. ಕಲಸೋ ಕೆಲಸ ಪೂರ್ತಿ ಮಗೂದೇ. ನೆಲಕ್ಕೆ ಚೆಲ್ಲುತ್ತೆ, ಹಳೇ ಪೇಪರ್ ಹಾಸಿಡಿ.

ಇನ್ನು ಮ್ಯಾಜಿಕ್! ಸಕ್ಕರೆ ಕರಗಿದ ಮೇಲೆ 1¼ ಚಮಚ ಬೇಕಿಂಗ್ ಪೌಡರ್, ½ ಚಮಚ ಅಡುಗೆ ಸೋಡಾ ಮಗುವಿನ ಕೈಲೇ ಹಾಕಿಸಿ. 5 ನಿಮಿಷ ನೋಡ್ತಾ ಇರಿ. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ. ಬುಳುಬುಳು ಗುಳ್ಳೆ! ಮೊಟ್ಟೆ ಇಲ್ಲದ ಕೇಕ್ ಉಬ್ಬೋದು ಇದರಿಂದ್ಲೇ. ಮೊಸರು ಸ್ವಲ್ಪ ಹುಳಿ ಬಂದಿದ್ರೆ ಇನ್ನೂ ಒಳ್ಳೇದು.

½ ಕಪ್ ಎಣ್ಣೆ, 1½ ಕಪ್ ಜರಡಿ ಹಿಡಿದ ಮೈದಾ ಸೇರಿಸೋವಾಗ ಮಾತ್ರ ಸೌಟು ನಿಮ್ಮ ಕೈಲಿರಲಿ. ಮೈದಾನ ಜಾಸ್ತಿ ಕಲಸಿದ್ರೆ ಗ್ಲುಟೆನ್ ಬಿಗಿಯಾಗಿ ಕೇಕ್ ರಬ್ಬರಾಗುತ್ತೆ. ಮಕ್ಕಳು ನಿಲ್ಲಿಸಲ್ಲ, ಗೊತ್ತಲ್ಲ!

ಹಿಟ್ಟು ನೆಕ್ಕೋಕೆ ಬಿಡಬೇಡಿ. ಹಸಿ ಮೈದಾದಲ್ಲಿ ಬ್ಯಾಕ್ಟೀರಿಯಾ ಇರಬಹುದು.

ಹಿಟ್ಟನ್ನ ಕೇಕ್ ಟಿನ್‌ಗೆ ಸುರಿದು, ಮೊದಲೇ ಬಿಸಿ ಮಾಡಿದ ಪಾತ್ರೇಲಿ ಸ್ಟ್ಯಾಂಡ್ ಮೇಲಿಟ್ಟು, ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ. "ಆಯ್ತಾ ಅಮ್ಮಾ?" ಅಂತ ಎಷ್ಟು ಸಲ ಕೇಳಿದ್ರೂ ಅರ್ಧ ಗಂಟೆವರೆಗೆ ಮುಚ್ಚಳ ತೆಗೀಬೇಡಿ, ನಡು ಕುಸಿಯುತ್ತೆ. ಕಡ್ಡಿ ಚುಚ್ಚಿ, ಅಂಟದಿದ್ರೆ ಬೆಂದಿದೆ. ಆರಿದ ಮೇಲೇ ಕತ್ತರಿಸಿ, ಮೊದಲ ತುಂಡು ಕಲಸಿದವರಿಗೇ ಕೊಡಿ.